ಬಿಸಿಲು ಕಂಡ ಸಸಿ

ನಮ್ಮ ಚಿಕ್ಕಪ್ಪನ ಮಗಳು ನಿನ್ನೆ ಬಂದವಳು ಚೀಲದಿಂದ ಸಸಿ ಬೆಳೆದ ಒಂದು ತಟ್ಟೆ ತೆಗೆದು ಅಡುಗೆಮನೆಯ ಕಿಟಕಿಯಲ್ಲಿಟ್ಟಳು. ಗೋಧಿ ಹುಲ್ಲಂತೆ, ರಸ ಕುಡಿದರೆ ಸಕ್ಕರೆ ಕಾಯಿಲೆಗೆ ಒಳ್ಳೆಯದಂತೆ. ನೀರು ಚಿಮುಕಿಸಿದಳು ನೋಡಿ, ಆ ಹಸಿ ಮಣ್ಣಿನ ವಾಸನೆಗೆ ನಾನು ಮುರಗೋಡದ ನಮ್ಮ ಹಳೆಯ ಮನೆಯ ದೇವರ ಕೋಣೆಗೇ ಹೋಗಿಬಿಟ್ಟೆ.

ಎಪ್ಪತ್ತರ ದಶಕದ ಮಾತು. ನವರಾತ್ರಿಗೆ ನಮ್ಮಲ್ಲಿ ಘಟ್ಟ ಹಾಕುತ್ತಿದ್ದರು, ಅಂದರೆ ದೇವಿಯ ಘಟಸ್ಥಾಪನೆ. ಕಿಟಕಿಯಿಲ್ಲದ ದೇವರ ಕೋಣೆಯಲ್ಲಿ ಪತ್ರಾವಳಿಯ ಮೇಲೆ ಹೊಲದ ಕರಿಮಣ್ಣು ಹರವಿ, ಗೋಧಿ ಬಿತ್ತಿ, ನಡುವೆ ಕೊಡ ಇಡುವುದು. ಕತ್ತಲಲ್ಲಿ ಬೆಳೆದ ಆ ಸಸಿ ಅರಿಶಿನದಂತೆ ಹಳದಿ. ದಸರೆಯ ದಿನ ಅದನ್ನು ಮುಡಿಯುವುದು.

ಆ ವರ್ಷ ಅಜ್ಜಿಗೆ ಮೊಣಕಾಲು ನೋವು. ದೀಪ ಹಚ್ಚಿ ನೀರು ಹಾಕುವ ಕೆಲಸ ಹತ್ತು ವರ್ಷದ ನನಗೊಬ್ಬಳಿಗೇ ಬಂತು. "ಸಸಿ ಚಲೋ ಬಂದ್ರ ನಿಮ್ಮ ಚಿಗವ್ವನ ಒಡಲೂ ತಂಪ ಇರತೈತಿ, ಜ್ವಾಕಿ" ಎಂದಿದ್ದಳು ಅಜ್ಜಿ. ಚಿಗವ್ವ, ಅಂದರೆ ಚಿಕ್ಕಪ್ಪನ ಹೆಂಡತಿ, ಬಸುರಿ. ಹಿಂದೆ ಎರಡು ಸಲ ಗರ್ಭ ನಿಂತಿರಲಿಲ್ಲ.

ನಾನೋ ಮಹಾ ಶಾಣ್ಯಾಕಿ! ನನಗೆ ಜಳಕಕ್ಕೆ ಬಿಸಿನೀರು, ದೇವಿಗೆ ಮಾತ್ರ ತಣ್ಣೀರೇ ಎಂದುಕೊಂಡು ದಿನಾ ಹಂಡೆಯ ಕುದಿನೀರನ್ನೇ ಸುರಿದೆ. ಐದನೆಯ ದಿನವೂ ಒಂದು ಮೊಳಕೆ ಇಲ್ಲ. ಕೆದರಿದರೆ ಕಾಳೆಲ್ಲ ಬೆಂದಿದ್ದವು. ಓಡಿಹೋಗಿ ಚಿಗವ್ವನ ಮುಂದೆಯೇ ಅತ್ತೆ.

ಅವಳ ಕೈ ತಂತಾನೇ ಹೊಟ್ಟೆಯ ಮೇಲೆ ಹೋಯಿತು. ಆಮೇಲೆ ಸೆರಗಿನಿಂದ ನನ್ನ ಮುಖ ಒರೆಸಿ, "ಯಾರ ಮುಂದೂ ಬಾಯಿ ಬಿಡಬ್ಯಾಡ. ಹೋಗು, ಒಂದು ಬೊಗಸಿ ಗೋದಿ ತಗೊಂಡ ಬಾ" ಎಂದಳು.

ನೆನೆಸಿದ ಗೋಧಿಯನ್ನು ಅಗಲವಾದ ಹಳೆಯ ಪರಾತದಲ್ಲಿ ಬಿತ್ತಿ, ಬೇಗ ಬರಲೆಂದು ಮಾಳಿಗೆಯ ಬಿಸಿಲಿಗೆ ಇಟ್ಟೆವು. ಏಣಿ ಹತ್ತುವವಳು ನಾನು, ಕೆಳಗೆ ನಿಂತು ಕೇಳುವವಳು ಅವಳು: "ಬಂತೇನ? ಎಷ್ಟು ಬಂತು?" ದಸರೆಯ ನಸುಕಿನಲ್ಲಿ ಬೆರಳುದ್ದದ ಸಸಿಯನ್ನು ಮಣ್ಣುಸಹಿತ ಘಟ್ಟಕ್ಕೆ ಸಾಗಿಸಿದೆವು. ಹಳದಿ ಇರಬೇಕಾದದ್ದು ಹಚ್ಚಗೆ ಹಸಿರಾಗಿದೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ!

ಘಟ್ಟವನ್ನು ಪಡಸಾಲೆಯ ಬೆಳಕಿಗೆ ತಂದಾಗ ಅಜ್ಜಿ ದಿಟ್ಟಿಸಿ ನೋಡಿದಳು. ಸಸಿ ನೋಡಿದಳು, ಚಿಗವ್ವನನ್ನು ನೋಡಿದಳು, ನನ್ನನ್ನೂ ನೋಡಿದಳು.

"ಈ ಸಲ ದೇವಿ ಮಾಳಗಿ ಹತ್ತಿ ಬಿಸಲ ಕಾಸ್ಕೊಂಡ ಬಂದಾಳ ಕಾಣತೈತಿ" ಎಂದವಳೇ ಒಂದು ಎಸಳು ಕಿತ್ತು, ದೇವರಿಗಿಂತ ಮೊದಲು ಚಿಗವ್ವನ ಮುಡಿಗೆ ಸಿಕ್ಕಿಸಿದಳು. ಚಿಗವ್ವ ಗಳಗಳ ಅತ್ತಳು.

ಅಜ್ಜಿ, ಚಿಗವ್ವ ಇಬ್ಬರೂ ಈಗಿಲ್ಲ. ಬಾಯಿ ಬಿಡಬೇಡ ಎಂದದ್ದಕ್ಕೆ ಇಷ್ಟು ವರ್ಷ ಬಿಟ್ಟಿರಲಿಲ್ಲ. ನಿನ್ನೆ ಕಿಟಕಿಯ ತಟ್ಟೆಯಿಂದ ಒಂದು ಎಸಳು ಕಿತ್ತು, ಅಂದು ಚಿಗವ್ವನ ಒಡಲಲ್ಲಿದ್ದ ಈ ತಂಗಿಯ ನರೆಗೂದಲಿಗೆ ಸಿಕ್ಕಿಸಿದೆ.

"ಇದೇನ ಅಕ್ಕಾ, ಕುಡಿಯೂದು ಬಿಟ್ಟು?"

"ಕುಂದರು," ಎಂದೆ. "ನೀ ಹುಟ್ಟೂಕಿಂತ ಮೊದಲಿನ ಮಾತ ಹೇಳತೇನಿ."