ಜಿಪಾರ್ ಏಜೆ ಮನೆ ನೋಡದೆ ಮದ್ದು ಹೇಳಿದ್ದು

ತೊಕ್ಮೊಕ್ ಸಂತೆಯಲ್ಲಿ ಗುಂಡಿ, ದಾರ, ಜಿಪ್ಪು ಮಾರುವ ಜಿಪಾರ್‌ಗೆ ಅರವತ್ತಮೂರು ವರ್ಷ. ಅಕ್ಕ ಎನ್ನುವ ಗೌರವಕ್ಕೆ ಊರೆಲ್ಲ ಅವಳನ್ನು ಜಿಪಾರ್ ಏಜೆ ಎನ್ನುತ್ತದೆ. ಅವಳ ಅಂಗಡಿಗೆ ಗುಂಡಿ ಕೊಳ್ಳುವವರಿಗಿಂತ ಹಾವು ತೋರಿಸಲು ಬರುವವರೇ ಹೆಚ್ಚು. ಇಪ್ಪತ್ತಾರು ವರ್ಷ ಅವಳು ಹಾವಿನ ವಿಷ ತೆಗೆಯುವ ಕೇಂದ್ರವೊಂದರಲ್ಲಿ ಹಾವುಗಳ ಆರೈಕೆ ಮಾಡಿದವಳು. ಕೇಂದ್ರ ಮುಚ್ಚಿತು, ಹಾವುಗಳು ಹೋದವು, ಅವಳ ಬೈಗುಳ ಮಾತ್ರ ಉಳಿಯಿತು. ಈಗ ಅದೆಲ್ಲ ಮನೆಯಲ್ಲಿ ಹಾವು ಸಾಕುವವರ ಪಾಲಿಗೆ.

ಕಾಯಿಲೆ ಹಾವಿಗೆ ಬರುವುದಿಲ್ಲ, ಸಾಕಿದವರ ಪೆದ್ದುತನ ಹಾವಿನ ಮೈಮೇಲೆ ಏಳುತ್ತದೆ ಎಂಬುದು ಅವಳ ವಾದ. ತಿಂದದ್ದನ್ನು ಕಕ್ಕುತ್ತದೆ ಎಂದರೆ ಪೆಟ್ಟಿಗೆ ಎಲ್ಲಿಟ್ಟಿದ್ದೀರಿ ಎಂದು ಕೇಳುತ್ತಾಳೆ. ಕಿಟಕಿಯ ಚಳಿಗೆ ಇಟ್ಟಿರುತ್ತಾರೆ. ಪೊರೆ ಚೂರುಚೂರಾಗಿ ಕಳಚುತ್ತದೆ ಎಂದರೆ ಒಲೆ ಎಷ್ಟು ಹತ್ತಿರ ಎಂದು ಕೇಳುತ್ತಾಳೆ. ಹಾವಿಗೆ ಕಣ್ಣು ಹೋಯಿತೆಂದು ಅಳುತ್ತ ಬಂದ ಮೇಷ್ಟ್ರೊಬ್ಬರಿಗೆ, ಪೊರೆ ಬಿಡುವ ಮುಂಚೆ ಕಣ್ಣು ಮಂಜಾಗುವುದು ಸಹಜ, ವಾರ ಬಿಟ್ಟು ಅದು ನಿಮ್ಮನ್ನು ನೋಡುತ್ತದೆ, ಅಷ್ಟರಲ್ಲಿ ಗಡ್ಡ ಬೋಳಿಸಿಕೊಂಡಿರಿ ಎಂದು ಹೇಳಿ ಕಳಿಸಿದ್ದಳು. ತನ್ನ ಕೈ ಮೀರಿದ್ದಾದರೆ ಸುಮ್ಮನೆ ಪಶುವೈದ್ಯರ ವಿಳಾಸ ಕೊಡುತ್ತಾಳೆ. ಅವಳದು ಒಂದೇ ನಿಯಮ: ಮೊದಲು ಮನೆ ನೋಡಬೇಕು, ಆಮೇಲೆ ಹಾವು.

ಆ ನಿಯಮವನ್ನು ಅವಳೇ ಮುರಿದದ್ದು ತಾಲಾಯ್‌ಬೆಕ್‌ನ ವಿಷಯದಲ್ಲಿ. ಅವನು ಹಳ್ಳಿಯಿಂದ ಪೇಟೆಗೆ ಮಿನಿಬಸ್ ಓಡಿಸುವವನು. ಬಾಗಿಲಷ್ಟು ಅಗಲದ ಆಳು, ನಲವತ್ತು ದಾಟಿದರೂ ಮದುವೆಯಿಲ್ಲ. ಎರಡು ವರ್ಷದ ಹಿಂದೆ ಯಾರೋ ಪ್ರಯಾಣಿಕರು ಅವನ ಬಸ್ಸಿನಲ್ಲಿ ಪೆಟ್ಟಿಗೆಯೊಂದನ್ನು ಬಿಟ್ಟು ಹೋದರು. ಒಳಗೆ ವಿಷವಿಲ್ಲದ, ಜರ್ದಾಳು ಹಣ್ಣಿನ ಬಣ್ಣದ ಹಾವು. ಒಂದು ತಿಂಗಳು ಕಾದರೂ ಯಾರೂ ಕೇಳಿಕೊಂಡು ಬರಲಿಲ್ಲ. ಅಷ್ಟರಲ್ಲಿ ಅದು ಅವನ ತೋಳಿಗೂ ಅವನು ಅದರ ಭಾರಕ್ಕೂ ಒಗ್ಗಿಹೋಗಿದ್ದರು. ಜರ್ದಾಳುವಿಗೆ ನಮ್ಮಲ್ಲಿ ಹೇಳುವ ಹಾಗೆ ಓರುಕ್ ಎಂದು ಹೆಸರಿಟ್ಟ.

ಈ ಚಳಿಗಾಲದಲ್ಲಿ ಓರುಕ್‌ನ ಹೊಟ್ಟೆಯ ಹುರುಪೆಗಳು ಕಂದಾಗಿ ನೀರುಗುಳ್ಳೆ ಎದ್ದವು. ತೇವದಲ್ಲಿ ಮಲಗಿದ ಹಾವಿಗೆ ಬರುವ ಹುಣ್ಣು ಅದು. ಜಿಪಾರ್ ಸ್ಟೂಲಿನಿಂದ ಏಳದೆಯೇ ನೀರಿನ ಬಟ್ಟಲು ಮಗುಚುತ್ತಿದೆ, ಭಾರದ್ದು ಇಡು, ಉಗುರುಬೆಚ್ಚಗಿನ ನೀರಿಗೆ ಅಯೋಡಿನ್ ಮದ್ದು ಬೆರೆಸಿ ತೊಳೆ ಎಂದಳು. ವಾಸಿಯಾಯಿತು, ಇಪ್ಪತ್ತು ದಿನಕ್ಕೆ ಮತ್ತೆ ಬಂತು. ಹಾಸಿದ ಮರದ ಹೊಟ್ಟು ಬದಲಿಸು ಎಂದಳು. ಮತ್ತೆ ವಾಸಿಯಾಯಿತು, ಮತ್ತೆ ಬಂತು. ಮೂರನೆಯ ಸಲ ಅವನು ಪೆಟ್ಟಿಗೆ ತೆರೆದಾಗ ಓರುಕ್‌ನ ಬೆನ್ನುಮೂಳೆ ಎದ್ದು ಕಾಣುತ್ತಿತ್ತು. ಆರು ವಾರದಿಂದ ಒಂದು ಇಲಿಯನ್ನೂ ಮುಟ್ಟಿರಲಿಲ್ಲ.

"ಏಜೆ, ನೀವು ಹೇಳಿದ್ದೆಲ್ಲಾ ಮಾಡ್ದೆ. ಇದು ಹೋದ್ರೆ ಆ ಮನೇಲಿ ನಾನು ಯಾರ ಹತ್ರ ಮಾತಾಡ್ಲಿ?"

"ನಿಮ್ಮವ್ವ ಇದಾರಲ್ಲೋ?"

"ಅವ್ವನ ಹತ್ರ ಇರೋದು ಒಂದೇ ಮಾತು, ಮದುವೆ. ಓರುಕ್ ಆ ಮಾತು ಎತ್ತಲ್ಲ."

ಜಿಪಾರ್‌ಗೆ ನಗು ಬಂತು, ಅದರ ಹಿಂದೆಯೇ ನಾಚಿಕೆಯೂ ಬಂತು. ಇನ್ನೊಬ್ಬರು ಹೀಗೆ ಕೂತಲ್ಲೇ ಮದ್ದು ಹೇಳಿದ್ದರೆ ಅವರ ಜನ್ಮ ಜಾಲಾಡುತ್ತಿದ್ದಳು. ಅಂಗಡಿಗೆ ಬಟ್ಟೆ ಮುಚ್ಚಿ, ಅಡುಗೆಮನೆಯ ಥರ್ಮಾಮೀಟರು, ಭೂತಗನ್ನಡಿ, ಬಿಳಿ ಕರ್ಚೀಫು ಚೀಲಕ್ಕೆ ಹಾಕಿಕೊಂಡು ಅವನ ಬಸ್ಸು ಹತ್ತಿದಳು.

ತಾಲಾಯ್‌ಬೆಕ್‌ನ ತಾಯಿ ಬಾತ್ಮಾಗೆ ಎಪ್ಪತ್ತಾರು; ಹಿರಿಯ ಹೆಂಗಸೆಂದು ಎಲ್ಲರಿಗೂ ಅವಳು ಬಾತ್ಮಾ ಅಪಾ. ಜಿಪಾರ್ ರೊಟ್ಟಿ ಮುರಿದು ಬಾಯಿಗಿಡುವ ತನಕ ಅವಳಿಗೆ ಪೆಟ್ಟಿಗೆ ಮುಟ್ಟಲು ಬಿಡಲಿಲ್ಲ. ಆಮೇಲೆ ಜಿಪಾರ್ ಒಂದೊಂದಾಗಿ ನೋಡಿದಳು. ಬೆಚ್ಚಗಿನ ಮೂಲೆಯಲ್ಲಿ ಮೂವತ್ತು ಡಿಗ್ರಿ, ಸರಿಯಾಗಿತ್ತು. ಬಟ್ಟಲು ಅಲುಗಾಡುತ್ತಿರಲಿಲ್ಲ. ಹಾವಿನ ಬಾಯೊಳಗೆ ಕೀವಿಲ್ಲ. ಮೈಗೆ ಕಿವಿಯಿಟ್ಟರೆ ಗೊರಗೊರ ಸದ್ದಿಲ್ಲ. ಕರ್ಚೀಫಿನಿಂದ ಒರೆಸಿದರೆ ಒಂದು ನುಸಿಯೂ ಅಂಟಲಿಲ್ಲ. ಬಾಲ ಬೇಗ ಸಣ್ಣಗಾದದ್ದು ಕಂಡು, ಇದು ಹೆಣ್ಣು ಎಂದು ತನ್ನಷ್ಟಕ್ಕೇ ಗೊಣಗಿದಳು. ಚಹಾ ಬಗ್ಗಿಸುತ್ತಿದ್ದ ಬಾತ್ಮಾ ಅಪಾಳ ಕೈ ಒಂದು ಗಳಿಗೆ ನಿಂತು ಮುಂದುವರಿಯಿತು.

ಹೊಟ್ಟು ಎಲ್ಲ ಕಡೆ ಒಣಗಿತ್ತು, ಒಂದು ಕಡೆ ಮಾತ್ರ ಅಂಟಂಟು. ಅಲ್ಲಿ ಮೂಗಿಟ್ಟರೆ ಹುಳಿ ಮೊಸರಿನ ಗಡಿಗೆಯ ವಾಸನೆ. ಭೂತಗನ್ನಡಿಯಲ್ಲಿ ಹಾವಿನ ಕತ್ತಿನ ಸಂದಿಯಲ್ಲಿ ಬಿಳಿ ಹೆಪ್ಪು ಕಂಡಿತು.

"ಅಪಾ, ಇದಕ್ಕೆ ಹಾಲು ಯಾರು ಹಾಕ್ತಾರೆ?"

"ನಾನೇ. ತಾನಾಗೇ ಹೋಗುತ್ತೆ ಅಂತ ಇಷ್ಟು ದಿನ ಕಾದೆ, ಈ ಚಳಿಗಾಲದಿಂದ ದಿನಾ ಬೆಳಿಗ್ಗೆ," ಎಂದಳು ಬಾತ್ಮಾ ಅಪಾ, ಇದೇನು ಕೇಳುವ ಮಾತೇ ಎಂಬಂತೆ. "ಮನೆಗೆ ಹಾವು ಬಂದ್ರೆ ತಲೆ ಮೇಲೆ ಬಿಳೀದು ಎರೆದು ಮರ್ಯಾದೆಯಿಂದ ಕಳಿಸ್ಬೇಕು ತಾನೆ? ಎರೀತೀನಿ, ಮುಚ್ಚಳ ತೆಗೀತೀನಿ, ಬಾಗ್ಲೂ ತೆಗೆದಿಡ್ತೀನಿ. ಹೋಗೋದೇ ಇಲ್ಲ. ಇಂಥಾ ನಾಚಿಕೆಗೆಟ್ಟ ನೆಂಟರನ್ನ ನಾನು ನೋಡೇ ಇಲ್ಲ."

ಬೆಳಿಗ್ಗೆ ಐದಕ್ಕೇ ಬಸ್ಸು ತೆಗೆಯುವ ತಾಲಾಯ್‌ಬೆಕ್ ನೆಲದ ಮೇಲೆ ಕುಸಿದು ಕೂತ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದರೆ, ಯಾರು ಕೇಳಿದರು ಎಂದಳು ಅವನ ತಾಯಿ. ಹುಣ್ಣಿಗೆ ಹಾಲು ಕಾರಣ, ಉಪವಾಸಕ್ಕೆ ತೆರೆದಿಟ್ಟ ಬಾಗಿಲಿನ ಚಳಿ ಕಾರಣ, ಎರಡೂ ಒಟ್ಟಿಗೆ ಸಿಕ್ಕಿದ್ದವು.

ಬೈಗುಳ ಜಿಪಾರ್‌ಳ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವಳ ತಾಯಿಯೂ ಹಾವು ಕಂಡಾಗ ಹೀಗೇ ಎರೆದಿದ್ದಳು. ಹೋದ ಬೇಸಿಗೆಯಲ್ಲಿ ಹಿತ್ತಲಿಗೆ ಬಂದ ಹಾವಿಗೆ ಸ್ವತಃ ಜಿಪಾರಳೇ ಎರೆದಿದ್ದಳು. ಅಪಾ ಮಾಡಿದ್ದು ತಪ್ಪು ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಸುಮ್ಮನಿದ್ದರೆ ಹಾವು ಉಳಿಯುವುದಿಲ್ಲ. ಚಹಾ ಆರುವವರೆಗೆ ಯೋಚಿಸಿದಳು.

"ಅಪಾ, ಹೊರಡೋರಿಗೆ ಹಾಲು, ಒಪ್ದೆ. ಮನೆಗೆ ಬಂದು ನಿಂತೋರಿಗೆ ಏನು ಕೊಡ್ತೀವಿ? ಸೊಸೆ ಬಂದ್ರೆ ತಲೆ ಮೇಲೆ ಬಿಳಿ ಬಟ್ಟೆ ಹಾಕಲ್ವಾ? ಇದು ಬಂದು ಎರಡು ವರ್ಷ ಆಯ್ತು, ಹೋಗೋದಲ್ಲ. ಇದರ ಕೆಳಗೆ ಒಣಗಿದ ಬಿಳಿ ಬಟ್ಟೆ ಹಾಸ್ಬೇಕು, ಬೆಳಿಗ್ಗೆ ಸಂಜೆ ಬದಲಾಯಿಸ್ಬೇಕು. ಹುಣ್ಣು ಒಸರಿದ್ರೆ ಕಲೆ ಕಾಣುತ್ತೆ, ಮೈಯೂ ಒಣಗಿರುತ್ತೆ. ಈಗ ಇದಕ್ಕೆ ಅದೇ ಮದ್ದು."

ಬದಲಾಯಿಸುವವರು ಯಾರು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಬಾತ್ಮಾ ಅಪಾ ಜಿಪಾರ್‌ಳ ಬಟ್ಟಲಿಗೆ ಅಂಚಿನ ತನಕ ಚಹಾ ತುಂಬಿಸಿದಳು. ನಮ್ಮಲ್ಲಿ ಅರ್ಧ ಬಟ್ಟಲು ಕೊಟ್ಟರೆ ಕೂತಿರು ಎಂದರ್ಥ, ತುಂಬಿಸಿ ಕೊಟ್ಟರೆ ಕುಡಿದು ಹೊರಡು ಎಂದರ್ಥ. ಜಿಪಾರ್ ಕುಡಿದು ಹೊರಟಳು.

ಹುಣ್ಣು ಆಳವಾಗಿದ್ದರಿಂದ ಪಶುವೈದ್ಯರ ಸೂಜಿಯೂ ಬೇಕಾಯಿತು. ಅದಕ್ಕೆ ತಾಲಾಯ್‌ಬೆಕ್ ಓಡಾಡಿದ. ಮನೆಯಲ್ಲಿ ಏನು ನಡೆಯುತ್ತಿದೆ ಎಂದು ಜಿಪಾರ್ ಕೇಳಿದರೆ, ಅವ್ವ ನನ್ನನ್ನು ಪೆಟ್ಟಿಗೆಯ ಹತ್ತಿರವೇ ಬಿಡುತ್ತಿಲ್ಲ ಎಂದ. ಜಿಪಾರ್‌ಗೆ ಆ ಐದು ವಾರ ನೂಲಿಗೂ ಗುಂಡಿಗೂ ವ್ಯತ್ಯಾಸ ತಿಳಿಯಲಿಲ್ಲ. ಕೆಂಪು ದಾರ ಕೇಳಿದವರಿಗೆ ಹಸಿರು ಕೊಟ್ಟಳು, ತಿರುಗಿ ತಂದವರಿಗೆ ಬೈದಳು.

ಏಪ್ರಿಲ್‌ನ ಒಂದು ಬೆಳಿಗ್ಗೆ ಬಾತ್ಮಾ ಅಪಾ ತಾನೇ ಬಸ್ಸಿಳಿದು ಬಂದು, ಗುಂಡಿಗಳನ್ನು ಪಕ್ಕಕ್ಕೆ ತಳ್ಳಿ ಪೆಟ್ಟಿಗೆ ಇಟ್ಟಳು. ಮೇಲೆ ಒಂದು ಪೊರೆ, ಮೂಗಿನಿಂದ ಬಾಲದ ತನಕ ಒಂದೇ ತುಂಡು, ಎಲ್ಲೂ ಹರಿದಿಲ್ಲ. ಕೆಳಗೆ ಓರುಕ್, ಹೊಸ ಮೈಯಲ್ಲಿ ಫಳಫಳ. ಜಿಪಾರ್ ಎತ್ತಿ ಹೊಟ್ಟೆ ನೋಡಿದಳು. ಎರಡು ಹಳೆಯ ಕಲೆ ಬಿಟ್ಟರೆ ಏನೂ ಇರಲಿಲ್ಲ.

"ನಿನ್ನೆ ಇಲಿ ತಿಂದ್ಲು. ಇಡೀದು," ಎಂದಳು ಬಾತ್ಮಾ ಅಪಾ.

ಆಗ ಜಿಪಾರ್‌ಳ ಕಣ್ಣು ಹಾವಿನ ಕೆಳಗಿದ್ದ ಬಟ್ಟೆಗೆ ಹೋಯಿತು. ಅದು ಒರೆಸುವ ಬಟ್ಟೆಯಲ್ಲ. ಒಳ್ಳೆಯ ಬಿಳಿ ರೇಷ್ಮೆ, ಒಂದು ಬದಿಗೆ ಕುಚ್ಚು, ಇನ್ನೊಂದು ಬದಿಯಲ್ಲಿ ಕತ್ತರಿ ಹಾಕಿದ ಗುರುತು.

"ಸೊಸೆ ತಲೆಗೆ ಅಂತ ಹದಿನೈದು ವರ್ಷದಿಂದ ಇಟ್ಟಿದ್ದೆ. ಮನೇಲಿ ಬೇರೆ ಬಿಳೀದು ಇರ್ಲಿಲ್ಲ, ಎಲ್ಲಾ ಹೂವಿಂದೇ. ಒಂದು ಒಣಗೋವಾಗ ಇನ್ನೊಂದು ಬೇಕಲ್ಲ, ಎರಡು ಮಾಡ್ದೆ."

ನಾಳೆ ನಿಜವಾದ ಸೊಸೆ ಬಂದರೆ ಅವಳ ತಲೆಗೇನು ಹಾಕುತ್ತೀರಿ ಎಂದು ಜಿಪಾರ್ ಗದರಿದಳು.

"ಅದಕ್ಕೇ ಬಂದಿದ್ದು. ಬಿಳಿ ದಾರ ಕೊಡು, ಒಳ್ಳೇದು. ಇನ್ನೊಂದು ಹೊಲಿದಿಡ್ತೀನಿ." ಬಾತ್ಮಾ ಅಪಾ ಜಿಪಾರ್‌ಳ ಕೈಯಿಂದ ಓರುಕ್‌ಳನ್ನು ತೆಗೆದು ಮೆಲ್ಲಗೆ ಬಟ್ಟೆಯ ಮೇಲೆ ಇಳಿಸಿ ಮುಚ್ಚಳ ಹಾಕಿದಳು. "ಹೆಣ್ಣು ನೋಡೋವಾಗ ಮೊದಲೇ ಹೇಳ್ಬಿಡ್ತೀನಿ. ಹಿರೀ ಸೊಸೆ ಜೊತೆ ಹೊಂದ್ಕೊಂಡು ಹೋಗೋಳಾದ್ರೆ ಮಾತ್ರ ಬರ್ಲಿ."