ರೋಸ್ ಹಚ್ಚಿದ ಕೈ

ಲವೀನಾ ಬಾಯಿ ಬಲಗೈಗೆ ಮಾತ್ರ ಬಿಗಿಯಾದ ಕೈಗವಸು ತೊಡುವುದು ಶೋಕಿಗೆಂದೇ ನಿರೂಪಕ ಮೌರಿಸ್ ಬಹುಕಾಲ ನಂಬಿದ್ದರು. ಅಬುಧಾಬಿಯಲ್ಲಿ ಮಂಗಳೂರಿನವರ ಯಾವ ಸಮಾರಂಭವೂ ತನ್ನ ಮೈಕಿಲ್ಲದೆ ನಡೆಯದು ಎಂಬುದು ಅವರ ಇನ್ನೊಂದು ನಂಬಿಕೆ.

ಡಿಂಪಲಳ ಮದುವೆಯ ಮುನ್ನಾದಿನ, ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರಕ್ಕೆ ಧರ್ಮಮಾತೆ ಲವೀನಾ ಕೈಗವಸು ಕಳಚಿದಾಗ ಮೌರಿಸರಿಗೆ ನಿಜ ಕಂಡಿತು. ಹೋಟೆಲಿನ ಅಡುಗೆಮನೆಯಲ್ಲಿ ಕಾದ ಎಣ್ಣೆ ಸುಟ್ಟ ಕೈ ಅದು. ವೈದ್ಯರು ತೊಡೆಯಿಂದ ತೆಳುವಾಗಿ ಚರ್ಮ ತೆಗೆದು ಕೈಗೆ ಕಸಿ ಮಾಡಿದ್ದರು. ತೊಡೆ ತಾನಾಗಿ ಹೊಸ ಚರ್ಮ ಬೆಳೆಸಿಕೊಂಡಿತು. ಕೈಯ ಕಲೆ ಉಬ್ಬದಂತೆ ಒತ್ತಿ ಹಿಡಿಯಲು ಆ ಕೈಗವಸು. ಇಷ್ಟನ್ನೂ ಪಕ್ಕದವರು ಮೌರಿಸರ ಕಿವಿಯಲ್ಲಿ ಉಸುರಿದರು.

ಮೌರಿಸ್ ಮೈಕಿನಲ್ಲೇ ಹೇಳಿದರು: “ಬಾಯಿ, ವಿಡಿಯೋ ಆಗ್ತಾ ಉಂಟು. ಬೇರೆ ಯಾರಾದ್ರೂ ಹಚ್ಚಲಿ, ಚಂದ ಕಾಣ್ಬೇಕಲ್ಲ?”

“ಇವಳನ್ನು ಜ್ಞಾನಸ್ನಾನಕ್ಕೆ ಎತ್ತಿಕೊಂಡದ್ದು ಇದೇ ಕೈ. ಮೊದಲ ರೋಸ್ ನನ್ನದೇ. ಚಂದ ಕಾಣದಿದ್ರೆ ಕ್ಯಾಮೆರಾ ಆಚೆ ತಿರುಗಿಸಿ, ಖಲಾಸ್!”

ಹಾಗೆಂದು ಲವೀನಾ ಬಲಗೈಯಿಂದಲೇ ಹುಡುಗಿಯ ನೆತ್ತಿಯಿಂದ ಕೆನ್ನೆಯವರೆಗೆ ಹಾಲು ಸವರಿದರು. ಡಿಂಪಲ್ ಆ ಕೈಗೇ ಮುತ್ತಿಟ್ಟಳು. ಸಭೆ ಚಪ್ಪಾಳೆ ತಟ್ಟಿತು.

ಮಾನ ಉಳಿಸಿಕೊಳ್ಳಲು ಮೌರಿಸ್ ತಮಾಷೆಗಿಳಿದರು: “ಅಲ್ಲ ಬಾಯಿ, ತೊಡೆಯ ಚರ್ಮ ಅಲ್ವಾ? ಕೈಗೆ ಆಗಾಗ ನಡೀಬೇಕು ಅನಿಸ್ತದಾ?”

“ನಡೀಬೇಕು ಅನಿಸುವುದಿಲ್ಲ ಮಾರಾಯ್ರೇ, ನಿಮಗೊಂದು ಬಾರಿಸ್ಬೇಕು ಅನಿಸ್ತದೆ.”