ಮಲ್ಲಿಗೆಯ ಮಾರು, ಕಡಲಿನ ಮಾರು

ಕಡಲೇ ಇಲ್ಲದ ಊರಿನಲ್ಲಿ ಕೂತು ನಾನು ಕಡಲಿಗೆ ಗಡಿ ಹಾಕುತ್ತಿದ್ದೆ. ಎರಡು ಸಾವಿರದ ದಶಕ, ಇಂದಿರಾನಗರದ ಒಂದು ಮಹಡಿ ಮೇಲಿನ ನಕ್ಷೆ ಆಫೀಸು. ದಡದಿಂದ ಇನ್ನೂರು ನಾಟಿಕಲ್ ಮೈಲಿಯ ಆಚೆಗೂ ಕಡಲ ತಳ ತನ್ನದೆನ್ನಬೇಕಾದರೆ ದೇಶ ಪುರಾವೆ ಕೊಡಬೇಕು. ಆಳ ಎರಡೂವರೆ ಸಾವಿರ ಮೀಟರ್ ಮುಟ್ಟುವ ಜಾಗಗಳನ್ನೆಲ್ಲ ಸೇರಿಸಿ ಎಳೆದ ಗೆರೆ ಅಂಥದೊಂದು ಪುರಾವೆ. ಆ ಗೆರೆಯಿಂದ ಇನ್ನೂ ನೂರು ಮೈಲಿಯವರೆಗೆ ಹಕ್ಕು ಕೇಳಬಹುದು.

ಗೆರೆಯನ್ನು ನಾನು ಕಂಪ್ಯೂಟರಿನಲ್ಲಿ ಎಳೆಯುತ್ತಿದ್ದೆ, ಚಾಚಾ ಕೈಯಲ್ಲೇ ಎಳೆಯುತ್ತಿದ್ದರು. ಆಫೀಸಿಗೆಲ್ಲ ಚಾಚಾ ಆಗಿದ್ದ ಅವರು ಶಿವಾಜಿನಗರದ ಹಳೆಯ ನಕ್ಷೆಗಾರರು. ಯೌವನದಲ್ಲಿ ಕಾರವಾರದ ದೋಣಿಯವರ ಜೊತೆ ಆಳ ಅಳೆದವರು. ಆಗಷ್ಟೇ ಕಣ್ಣಿನ ಪೊರೆ ತೆಗೆಸಿದ್ದರು. ಒಂದು ಹಳೆಯ ಹಾಳೆಯಲ್ಲಿ ನಮ್ಮಿಬ್ಬರ ಗೆರೆ ಕೂಡಲಿಲ್ಲ. ನನ್ನದು ಬಹಳ ಆಚೆ ಹೋಗಿತ್ತು. ಹೆಚ್ಚು ಕಡಲು ಸಿಕ್ಕಿತೆಂದು ನಮ್ಮ ಆಫೀಸಿನ ಸಾಹೇಬರಿಗೆ ಖುಷಿಯೋ ಖುಷಿ.

“ಇದ್ರಲ್ಲಿ ಆಳ ಬರ್ದಿರೋದು ಮಾರು ಲೆಕ್ಕದಲ್ಲಿ ಸಾಬ್, ಮೀಟರ್ ಅಲ್ಲ,” ಎಂದರು ಚಾಚಾ.

“ಮಾರಾ? ಮಲ್ಲಿಗೆ ಅಳೀತಿದೀರೇನ್ರೀ?” ಸಾಹೇಬರು ನಕ್ಕರು. ನಾನೂ ನಕ್ಕೆ, ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಚಾಚಾ ಪೆನ್ಸಿಲ್ ಎತ್ತಿಕೊಂಡು ತಮ್ಮ ಮೇಜಿಗೆ ಮರಳಿದರು. ಅವರ ಕಣ್ಣು ಕೈಕೊಟ್ಟಿದೆ, ತಿಂಗಳ ಕೊನೆಗೆ ಕಳಿಸಿಬಿಡೋಣ ಎಂದು ಸಂಜೆಯೊಳಗೆ ತೀರ್ಮಾನವಾಯಿತು. ನಕ್ಷೆ ಬಿಟ್ಟರೆ ಅವರಿಗೆ ಬೇರೆ ಕೆಲಸ ಗೊತ್ತಿರಲಿಲ್ಲ.

ಎರಡು ದಿನ ಕಳೆದು ಶಿವಾಜಿನಗರ ಬಸ್ ಸ್ಟ್ಯಾಂಡಿನ ಎದುರು ಹೂವಿಗೆ ನಿಂತೆ.

“ಮೊಳ ಬೇಕಾ, ಮಾರು ಬೇಕಾಮ್ಮಾ?” ಹೂವಿನವಳು ಎರಡೂ ಕೈ ಅಗಲಿಸಿದಳು. ಆ ಬೆರಳ ತುದಿಯಿಂದ ಈ ಬೆರಳ ತುದಿಗೆ ಒಂದು ಮಾರು, ಗಂಡಸಿನ ಕೈಯಾದರೆ ಹೆಚ್ಚುಕಡಿಮೆ ಆರಡಿ. ಹಳೆಯ ಕಡಲ ನಕ್ಷೆಗಳಲ್ಲಿ ಆಳ ಅಳೆಯುವ ಫ್ಯಾದಮ್ ಕೂಡ ಆರೇ ಅಡಿ! ದೋಣಿಯವರ ಮಾತಿನಲ್ಲಿ ಚಾಚಾ ಹೇಳಿದ್ದು ಅದನ್ನೇ.

ಮರುದಿನ ಎಲ್ಲರಿಗಿಂತ ಮುಂಚೆ ಆಫೀಸಿಗೆ ಹೋಗಿ ಮೂಲ ಹಾಳೆ ಬಿಡಿಸಿದೆ. ಅಂಚಿನಲ್ಲಿ ಇರುವೆಯಷ್ಟು ಸಣ್ಣ ಅಕ್ಷರ: ಆಳ ಫ್ಯಾದಮ್‌ಗಳಲ್ಲಿ. ನನ್ನ ಜೆರಾಕ್ಸ್ ಪ್ರತಿಯಲ್ಲಿ ಆ ಅಂಚೇ ಇರಲಿಲ್ಲ. ಸ್ಕ್ಯಾನರಿನಲ್ಲಿ ಹಿಡಿಯುವುದಿಲ್ಲವೆಂದು ನಾನೇ ಕತ್ತರಿ ಹಾಕಿದ್ದೆ. ಮಾರುಗಳನ್ನು ಮೀಟರೆಂದುಕೊಂಡು ಹೆಚ್ಚುಕಡಿಮೆ ಎರಡರಷ್ಟು ಆಳಕ್ಕೆ ಗೆರೆ ಎಳೆದಿದ್ದೆ.

“ಸ್ಕ್ಯಾನಿಂಗಲ್ಲಿ ಅಂಚು ಹೋಗ್ಬಿಟ್ಟಿದೆ ಸರ್. ಚಾಚಾ ಗೆರೇನೇ ಸರಿ,” ಎಂದು ಸಾಹೇಬರಿಗೆ ಹಾಳೆ ತೋರಿಸಿದೆ. ಚಾಚಾರ ಕೆಲಸ ಉಳಿಯಿತು. ‘ನನ್ನ ತಪ್ಪು’ ಎಂಬ ಎರಡೇ ಎರಡು ಪದ ನನ್ನ ಗಂಟಲಲ್ಲಿ ಉಳಿಯಿತು.

ಸಾಹೇಬರು ಸ್ಕ್ಯಾನರನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದರೆ ಅದರ ಪರ ವಹಿಸಿದ್ದು ಚಾಚಾ. “ಬಿಡಿ ಸಾಬ್, ಮಷೀನಿಗೇನ್ ಗೊತ್ತು? ಪಾಪ, ಅದಕ್ಕೆ ಕೈ ಇಲ್ವಲ್ಲ,” ಎಂದು ಎರಡೂ ತೋಳು ಅಗಲಿಸಿ ಮಾರು ತೋರಿಸಿದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ನಕ್ಕರು.

ಕತ್ತರಿ ಹಿಡಿದಿದ್ದ ಕೈಯನ್ನು ನಾನು ಮೇಜಿನ ಕೆಳಗೆ ಇಟ್ಟುಕೊಂಡಿದ್ದೆ.